ಉಳಿದದ್ದು ಒಂಬತ್ತು

ಟ್ಯಾಂಕಿನ ಮುಚ್ಚಳ ತೆಗೆದರೆ ಬಿರ್ಟೆಗೆ ಸೆಕೆ.
ಒಳಗೆ ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗೆ,
ಹೊರಗೆ ಫೆಬ್ರವರಿ, ಕೋಪನ್‌ಹೇಗನ್ನಿನ ಕಾಲುವೆ ಕಲ್ಲಾಗಿದೆ,
ನಡುವೆ ನಿಂತವಳ ಎದೆಯಲ್ಲಿ ಕೆಂಡ ಹತ್ತಿ
ಕಿವಿಯವರೆಗೆ ಏರಿ, ಆರಿ, ಮತ್ತೆ ಹತ್ತುತ್ತದೆ.
ಐವತ್ತೆರಡು. ಮುಟ್ಟು ನಿಂತು ಹನ್ನೊಂದು ತಿಂಗಳು.
ಬಿಳಿ ಹೊಗೆಯ ಕಡೆ ಮುಖ ಚಾಚಿ
ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ.
ಸುರಕ್ಷತೆಯ ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ.

ಇವತ್ತು ಎಣಿಕೆಯ ದಿನ.

ಮುನ್ನೂರ ಹನ್ನೆರಡು ಬಂದದ್ದು ಹನ್ನೆರಡು ವರ್ಷದ ಕೆಳಗೆ,
ಎಸ್‌ಬ್ಯರ್ ಬಂದರಿನ ಕಡೆಯಿಂದ, ರೈಲಿನಲ್ಲಿ,
ಮಂಜುಗಡ್ಡೆ ತುಂಬಿದ ಡಬ್ಬಿಯೊಳಗೆ.
ಡಬ್ಬಿಯ ಟೇಪಿನ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ
ಒಂದು ಮೀನು ಬರೆದಿದ್ದರು, ಅದರ ಬಾಯಲ್ಲಿ ಮಾತು:
‘ಮೆಲ್ಲಗೆ. ಜೀವ ಇದೆ.’
ಯಾರೋ ಏನು, ಅವಳೇ ಇರಬೇಕು. ಹತ್ತೊಂಬತ್ತರ ಹುಡುಗಿ.
ಕತ್ತಿನ ಗಂಟಿಗೆ ವಿಷದಂಥ ಔಷಧ ಇಳಿಸುವ ಮುನ್ನ
ಒಂದು ಅಂಡಾಶಯವನ್ನು ಊರು ಬಿಡಿಸಿ ಕಳಿಸಿದ್ದಳು.
ಬಿರ್ಟೆ ಅದರ ಹೊರಪದರ ಸುಲಿದು ಹದಿನಾಲ್ಕು ಚೂರು ಮಾಡಿದಳು.
ಒಂದೊಂದೂ ಕಿರುಬೆರಳ ಉಗುರಿಗಿಂತ ಚಿಕ್ಕದು,
ಒಂದೊಂದರಲ್ಲೂ ನೂರಾರು ಕಾಳು, ಎಲ್ಲವೂ ನಿದ್ದೆಯಲ್ಲಿ.
ಮೀನು ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ, ಶಾಯಿ ಮಾಸಿದೆ.

ಕಸಿ ಅನ್ನುವ ಮಾತಿಗೆ ಎರಡು ಕೈ.
ಒಂದು ಕಿತ್ತುಕೊಳ್ಳುತ್ತದೆ, ಇನ್ನೊಂದು ಕೂಡಿಸಿ ಕಟ್ಟುತ್ತದೆ.
ಈ ಭಾಷೆ ಬಿರ್ಟೆಗೆ ಬಾರದು. ಕೆಲಸ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಹುಡುಗಿ ನಾಲ್ಕು ವಾಪಸು ಕೇಳಿದಳು.
ಐದನೆಯದಕ್ಕೆ ಸಹಿ ಹಾಕಿದಳು: ಕಲಿಯಿರಿ.
ಅದನ್ನು ನಾಲ್ಕಾಗಿ ಸೀಳಿ, ಒಂದನ್ನು ಹಾಗೇ ಓದಿ,
ಮೂರನ್ನು ಮೂರು ಇಲಿಗಳ ಬೆನ್ನಿನ ಚರ್ಮದಡಿ ಹೂತರು.

ಮೂರನೆಯ ದಿನ ತೆರೆಯ ತುಂಬ ಗಲಾಟೆ.
ಉಸಿರು ಸಾಲದು ಎಂದು ಕೂಗುವ ಜೀನು ಆರು ಪಟ್ಟು ಜೋರು,
ರಕ್ತನಾಳಗಳನ್ನು ಕರೆಯುವುದು ಒಂಬತ್ತು ಪಟ್ಟು.
ಪರರ ಮೈಯಲ್ಲಿ ಇಳಿದ ತುಣುಕು, ನೆತ್ತರಿನ ನಂಟಿಲ್ಲದ್ದು,
ಯಾರಾದರೂ ಬನ್ನಿ, ಯಾರಾದರೂ, ಅನ್ನುತ್ತಿದೆ.
ನೋಡುವವರಿಗೆ ಅದು ಕೆಂಪು ಚೌಕ, ಅಷ್ಟೆ.
ಕೆಂಪು ಅಂದರೆ ಹೆಚ್ಚು, ನೀಲಿ ಅಂದರೆ ಕಡಿಮೆ.

ನೀಲಿಯಲ್ಲಿ ಒಂದನ್ನು ಮಾತ್ರ ಬಿರ್ಟೆ ಬೆರಳಿಟ್ಟು ಮುಚ್ಚುತ್ತಾಳೆ:
ಮಲಗಿಸುವ ಜೀನು. ಜೋಗುಳ ನಡುವೆ ನಿಲ್ಲಿಸಿದ್ದು.
ಒಂದರ ಪಕ್ಕ ಒಂದು ಕಾಳು ಕಣ್ಣು ಬಿಡುತ್ತವೆ.
ಮೂವತ್ತು ವರ್ಷ ಸರತಿಯಲ್ಲಿ ಏಳಬೇಕಾದವು
ಒಂದೇ ವಾರದಲ್ಲಿ ಎದ್ದು, ಉಣ್ಣಲು ಏನೂ ಸಿಗದೆ
ಸಾಯುತ್ತವೆ. ಮೂರರಲ್ಲಿ ಎರಡು.

ಇಪ್ಪತ್ತೊಂದನೆಯ ದಿನಕ್ಕೆ ನಾಳಗಳು ಬಂದಿವೆ,
ಅರ್ಧ ಇಲಿಯವು, ಅರ್ಧ ಅವಳವು,
ಯಾವುದು ಯಾರದೆಂದು ಬಣ್ಣ ಹಾಕಿಯೇ ಹೇಳಬೇಕು.
ಕೂಗು ತಗ್ಗಿದೆ. ‘ಒಳ್ಳೆಯ ಗೆರೆ’ ಎನ್ನುತ್ತಾನೆ ಎಸ್ಕಿಲ್,
ಕಾಫಿ ಲೋಟ ಕೀಬೋರ್ಡಿನ ಪಕ್ಕ ಇಟ್ಟು.
ಅವಳು ಕೇಳುವುದು ಒಂದೇ:
ನಾಳ ಬರುವ ತನಕ, ಒಂದು ಹತ್ತು ದಿನ,
ನಾವೇ ಯಾಕೆ ಜೋಗುಳ ಹಿಡಿದಿರಬಾರದು?
ಅವನು ಲೋಟ ಎತ್ತುತ್ತಾನೆ, ಕುಡಿಯುವುದಿಲ್ಲ.

ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಒಂದು ಸಾಲು:
ಮುನ್ನೂರ ಹನ್ನೆರಡು, ಕಸಿಯ ನಂತರ ನೂರ ನಲವತ್ತೆಂಟನೆಯ ದಿನ,
ಮುಟ್ಟಾಗಿದ್ದಾಳೆ.
ಹೆಸರಿಲ್ಲ. ಮಗುವಿನ ಮಾತು ಇಲ್ಲ.
ಅವಳು ಆಗ ಎಲ್ಲಿದ್ದಳೋ, ಸೈಕಲ್ಲಿನ ಮೇಲೋ,
ಯಾವುದೋ ಅಂಗಡಿಯ ಸಾಲಿನಲ್ಲೋ, ಬಟ್ಟೆ ನೋಡಿಕೊಂಡು
ಹನ್ನೆರಡು ವರ್ಷದ ಹಿಂದಿನ ಬೈಗುಳ ಮತ್ತೆ ಬೈದಳೋ.

ಬಿರ್ಟೆಗೆ ನಗು ಬಂತು, ನಿಂತಿತು.
ಹೊಟ್ಟೆಕಿಚ್ಚಲ್ಲ.
ಅಲ್ಲವೇ ಅಲ್ಲ ಎಂದೂ ಆಣೆ ಮಾಡಲಾರಳು.

ಮತ್ತೆ ಕೆಂಡ. ಹಣೆ ಒರೆಸಿ,
ದಪ್ಪ ನೀಲಿ ಕೈಗವಸಿನಲ್ಲಿ ಕೊಳವೆಗಳನ್ನು ಎತ್ತಿ
ಹೊಗೆ ಸರಿಯುವ ಮೊದಲೇ ಎಣಿಸಿ ಇಳಿಸುತ್ತಾಳೆ.
ಪುಸ್ತಕದಲ್ಲಿ ಪೆನ್ಸಿಲ್ಲು, ಈ ಚಳಿಗೆ ಶಾಯಿ ಇಳಿಯದು.
ಮುನ್ನೂರ ಹನ್ನೆರಡು. ಹದಿನಾಲ್ಕು.
ನಾಲ್ಕು ಮನೆಗೆ. ಒಂದು ನಮಗೆ.
ಉಳಿದದ್ದು ಒಂಬತ್ತು.
ಮುಚ್ಚಳ ಮುಚ್ಚುತ್ತಾಳೆ, ಮೆಲ್ಲಗೆ.